ಸಕ್ಕರೆ ಕಮ್ಮಿ ಅಂತ ಬಿಲ್ಲಿನಲ್ಲಿ ಬರೆದಿರಲ್ಲ

ನಮ್ಮ ಹೋಟೆಲ್ ಭಾಷೆ ಕನ್ನಡ ಬಲ್ಲವರಿಗೂ ಅಷ್ಟು ಸುಲಭವಲ್ಲ. 'ಒಂದು ಇಡ್ಲಿ' ಅಂದ್ರೆ ಒಂದು ಕಡೆ ಎರಡು ಬರುತ್ತೆ, ಇನ್ನೊಂದು ಕಡೆ ಒಂದೇ. 'ಖಾಲಿ ದೋಸೆ ಇದ್ಯಾ?' ಅಂತ ಕೇಳಿದ್ರೆ 'ಖಾಲಿ' ಅಂತಾರೆ. ಇದೆ ಅಂತಲೋ ಮುಗೀತು ಅಂತಲೋ, ಮುಖ ನೋಡಿ ತಿಳ್ಕೋಬೇಕು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿದರೆ ಅದು 'ಬೈಟು' ಅಂತ ಊರಿಗೆ ಹೊಸಬರಾದವರಿಗೆ ಯಾರಾದ್ರೂ ಹೇಳಿಕೊಡಲೇಬೇಕು.

ಈ ಮಾತಿನ ಗೋಜಲನ್ನು ಬಹಳಷ್ಟು ಕಡಿಮೆ ಮಾಡಿದ್ದು ದರ್ಶಿನಿ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ 'ಕೆಫೆ ದರ್ಶಿನಿ' ಶುರು ಮಾಡಿದರು. ಮೊದಲು ದುಡ್ಡು, ಆಮೇಲೆ ಬಿಲ್ಲು, ನಿಂತೇ ತಿಂಡಿ. ಮಾಣಿ ಬಂದು ತಿಂಡಿಗಳ ಪಟ್ಟಿ ಒಪ್ಪಿಸೋ ಕೆಲಸವೇ ಇಲ್ಲ. ಬೆಲೆಯೂ ಕಮ್ಮಿ, ಹೊತ್ತೂ ಉಳಿತಾಯ. ವ್ಯವಸ್ಥೆಯಾಗಿ ನನಗೆ ಅದು ಇವತ್ತಿಗೂ ಮೆಚ್ಚುಗೆ.

ಆದ್ರೆ ಅದರಲ್ಲೊಂದು ಕೊರತೆ ಉಳಿದಿದೆ. ಬಿಲ್ಲಿನಲ್ಲಿ ತಿಂಡಿಯ ಹೆಸರು ಮಾತ್ರ ಇರುತ್ತೆ. 'ಸಕ್ಕರೆ ಕಮ್ಮಿ', 'ಸಾಂಬಾರ್ ಬೇರೆ ಕೊಡಿ', 'ಈರುಳ್ಳಿ ಬೇಡ' – ಇವನ್ನೆಲ್ಲ ಬಾಯಲ್ಲೇ ಹೇಳಬೇಕು. ಗಲ್ಲಾದಲ್ಲಿ ಕೂತವರಿಗೆ ಸಾಮಾನ್ಯವಾಗಿ ಕನ್ನಡ ಬರುತ್ತೆ. ಆದರೆ ನಾವು ಹೇಳೋದು ಅವರಿಗಲ್ಲ, ಒಳಗೆ ಕಾಫಿ ಕೊಡೋ ಹುಡುಗನಿಗೆ. ಅವನು ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದು ತಿಂಗಳಾಗಿರುತ್ತೆ ಅಷ್ಟೆ.

ಜೆ.ಪಿ. ನಗರದ ಒಂದು ದರ್ಶಿನಿಯಲ್ಲಿ ನೋಡಿದ್ದು: ಕತ್ತಿನಲ್ಲಿ ಆಫೀಸಿನ ಐಡಿ ಕಾರ್ಡ್ ನೇತುಹಾಕಿಕೊಂಡ ಒಬ್ಬರು 'ಸಕ್ಕರೆ ಕಮ್ಮಿ' ಅಂದರು. ಹುಡುಗನಿಗೆ ಅರ್ಥವಾಗಿದ್ದು 'ಸಕ್ಕರೆ' ಅಷ್ಟೇ. ಪಾಪ, ಇನ್ನೊಂದು ಚಮಚ ಹಾಕಿಕೊಟ್ಟ. 'ಬೆಂಗಳೂರಿಗೆ ಬಂದು ಕನ್ನಡ ಬರಲ್ವಾ?' ಅಂತ ಬೈಗುಳ ಶುರುವಾಯ್ತು. ಎರಡು ಮಾರು ದೂರದ ಗಲ್ಲಾದಲ್ಲಿದ್ದವರು ಚಿಲ್ಲರೆ ಎಣಿಸುತ್ತಲೇ ಇದ್ದರು. ಸಿಟ್ಟು ಹೋಗಬೇಕಾಗಿದ್ದ ದಿಕ್ಕು ಅದೇ ಅಂತ ನನ್ನ ವಾದ.

ಭಾಷೆ ಬಾರದ ಮಾಣಿಯನ್ನು ನೋಡಿ ನಗೋದು ಹಳೇ ಚಾಳಿ. 1975ರ ಬಿಬಿಸಿ ಧಾರಾವಾಹಿ 'ಫಾಲ್ಟಿ ಟವರ್ಸ್' ನೋಡಿ. ಬಾರ್ಸಿಲೋನಾದಿಂದ ಬಂದ ಮಾನ್ಯುಯೆಲ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಪ್ರತಿ ಸಲ ಏಟು ಬೀಳೋದು ಅವನಿಗೇ. ಆದ್ರೆ ಆ ಹಾಸ್ಯ ಇವತ್ತಿಗೂ ನಿಲ್ಲೋದು ಅದರ ಮುಳ್ಳು ಮಾಲೀಕ ಬೇಸಿಲ್ ಕಡೆಗಿರೋದ್ರಿಂದ: ಅಗ್ಗಕ್ಕೆ ಸಿಗ್ತಾನೆ ಅಂತ ಇಟ್ಟುಕೊಂಡವನು ಅವನು, ಆಮೇಲೆ ಬೈಯೋನೂ ಅವನೇ. ನಮ್ಮ ರೀಲ್ಸುಗಳ ಸಪ್ಲೈಯರ್ ಜೋಕುಗಳಲ್ಲಿ ಮಾಲೀಕ ಕಾಣೋದೇ ಅಪರೂಪ.

ನಮ್ಮವರೂ ಒಂದು ಕಾಲಕ್ಕೆ ಆ ಹುಡುಗನ ಜಾಗದಲ್ಲೇ ನಿಂತಿದ್ದರು. ಉಡುಪಿ, ದಕ್ಷಿಣ ಕನ್ನಡದಿಂದ ಮುಂಬೈ ಹೋಟೆಲುಗಳಿಗೆ ಹೋದ ಹುಡುಗರು ಮರಾಠಿ, ಹಿಂದಿ ಕಲಿತದ್ದು ಲೋಟ ತೊಳೆಯುತ್ತಾ. ಹಗಲೆಲ್ಲ ದುಡಿದು ರಾತ್ರಿ ಓದೋರಿಗಾಗಿ ಅಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಹೋಟೆಲ್ ಹುಡುಗನಿಗೂ ಓದೋಕೆ ಹೊತ್ತು ಬೇಕು ಅಂತ ಆ ಕಾಲದವರಿಗೆ ತಿಳಿದಿತ್ತು.

ಇಲ್ಲಿ 2024ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯ. ಒಳ್ಳೇದೇ. ಬೋರ್ಡ್ ಬದಲಿಸೋಕೆ ದುಡ್ಡು ಹಾಕಿದ ಮಾಲೀಕರು ಹೊಸ ಹುಡುಗನಿಗೆ ದಿನಕ್ಕೆ ಕಾಲು ಗಂಟೆ ಕೊಟ್ಟು ಕಮ್ಮಿ, ಜಾಸ್ತಿ, ಬೇಕು, ಬೇಡ, ಬೇರೆ, ಸಾಕು ಅನ್ನೋ ಪದಗಳನ್ನು ಕಲಿಸಬಹುದು. ಬಿಲ್ ಮಷಿನ್ನಿನಲ್ಲಿ 'ಸಕ್ಕರೆ ಕಮ್ಮಿ'ಗೂ ಒಂದು ಗುಂಡಿ ಇಡಬಹುದು.

ನಾವೂ ಅಷ್ಟೆ. 'ಒನ್ ಕಾಫಿ, ಲೆಸ್ ಶುಗರ್' ಅಂತ ಕನ್ನಡಿಗರೇ ಹೇಳ್ತಾ ಇದ್ರೆ ಆ ಹುಡುಗ ಕನ್ನಡ ಕಲಿಯೋದು ಯಾರಿಂದ? ನಿಧಾನವಾಗಿ, ಬೆರಳಲ್ಲಿ ತೋರಿಸಿ 'ಸಕ್ಕರೆ, ಕಮ್ಮಿ' ಅನ್ನಿ. ವಾರ ಕಳೆದ ಮೇಲೆ ನೋಡಿ, 'ಕಮ್ಮಿ ಸಾರ್?' ಅಂತ ಅವನೇ ಕೇಳಬಹುದು.