ಇಡುವ ಎಲೆ, ಬಿಡುವ ಎಲೆ

ಇಸ್ಪೀಟಿನಾಟದಲ್ಲಿ ಕೈಗೆ ಬರುವ ಎಲೆ ದೈವಾಧೀನವಾದದ್ದು; ಬಂದ ಎಲೆಗಳಲ್ಲಿ ಗ್ರಾಹ್ಯವಾವುದು, ತ್ಯಾಜ್ಯವಾವುದು ಎಂಬ ನಿರ್ಣಯ ಮಾತ್ರ ಆಟಗಾರನದು. ಯುಗಾದಿಯ ದಿನಗಳಲ್ಲಿ ಹುಣಸೂರು, ಕೃಷ್ಣರಾಜನಗರಗಳ ಸುತ್ತಿನ ಊರುಗಳ ಜಗಲಿಗಳಲ್ಲಿ ಕೂಡುವ ಆಟಗಳನ್ನೂ, ಪಿರಿಯಾಪಟ್ಟಣ ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಉರಿ ಕಾಯುವವರು ರಾತ್ರಿ ನಿದ್ದೆ ಹತ್ತದಿರಲೆಂದು ಹಾಕಿಕೊಳ್ಳುವ ರಮ್ಮಿಯನ್ನೂ ನೋಡುತ್ತ ಬೆಳೆದ ನನಗೆ ಅಂದರ್-ಬಾಹರಿನಲ್ಲಿ ಎಂದೂ ರುಚಿ ಹುಟ್ಟಲಿಲ್ಲ. ಇಡುವುದಕ್ಕೂ ಬಿಡುವುದಕ್ಕೂ ಅಲ್ಲಿ ಏನೂ ಇಲ್ಲವಷ್ಟೆ. ರಮ್ಮಿಯಲ್ಲಾದರೋ, ಹದಿಮೂರು ಎಲೆಗಳನ್ನು ಬೀಸಣಿಗೆಯಂತೆ ಹರಡಿ ಹಿಡಿದ ಹಿರಿಯನೊಬ್ಬನು ತನ್ನ ಆಟೀನಿನ ರಾಣಿಯನ್ನು ಒಂದು ಸುತ್ತು ಕಾದಿರಿಸಿ, ಎದುರಿನವನು ಗುಲಾಮನನ್ನು ಎಸೆದುದನ್ನು ಮನಸ್ಸಿನಲ್ಲಿಟ್ಟು, ಮರುಸುತ್ತಿಗೆ ಆ ರಾಣಿಯನ್ನು ಕೆಳಗಿಡುವ ಒಂದು ಕ್ಷಣದಲ್ಲಿ ಆಟದ ಸಾರವೆಲ್ಲ ಅಡಗಿರುತ್ತದೆ. 1967ರಲ್ಲಿ ಆಂಧ್ರದ ಸತ್ಯನಾರಾಯಣ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಎಣಿಸಿದ್ದು ಇದೇ ಕಾರಣದಿಂದ: ಬಿದ್ದ ಎಲೆಗಳನ್ನು ನೆನಪಿನಲ್ಲಿಡಬೇಕು, ಹಿಡಿಯುವುದರಲ್ಲಿಯೂ ಬಿಡುವುದರಲ್ಲಿಯೂ ನೈಪುಣ್ಯ ಬೇಕು. ನ್ಯಾಯಾಧೀಶರು ಆಟದ ಮರ್ಮವನ್ನೇ ಹಿಡಿದರೆಂದು ನನ್ನ ಭಾವನೆ.

ಆ ನೈಪುಣ್ಯವನ್ನು ಆಟಗಾರನಿಂದ ತಾನೇ ವಹಿಸಿಕೊಳ್ಳುವ ಯಂತ್ರವೊಂದುಂಟು. ಅಮೆರಿಕದ ನೆವಾಡಾದಲ್ಲಿ ಸೈ ರೆಡ್ ಎಂಬವರ ಸಂಸ್ಥೆ 1979ರಲ್ಲಿ ಹೊರತಂದ ವೀಡಿಯೋ ಪೋಕರ್ ಯಂತ್ರದ ಸಂತತಿಗೆ ಸೇರಿದ್ದು ಅದು. ಪರದೆಯ ಮೇಲೆ ಐದು ಎಲೆಗಳು ಮೂಡುತ್ತವೆ. ಪ್ರತಿಯೊಂದರ ಕೆಳಗೂ ‘ಹೋಲ್ಡ್’ ಎಂಬ ಗುಂಡಿ. ಬೇಕಾದವನ್ನು ಹಿಡಿದು ಉಳಿದವನ್ನು ಬಿಟ್ಟರೆ, ಮಿಕ್ಕ 47 ಎಲೆಗಳಿಂದ ಹೊಸವು ಬರುತ್ತವೆ. ಆಟವೆಂದರೆ ಇಷ್ಟೇ, ಆದರೆ ಈ ಇಷ್ಟರಲ್ಲಿ ಲೆಕ್ಕಕ್ಕೆ ಬೇಕಾದಷ್ಟು ಅವಕಾಶವಿದೆ. ‘ಆಟೋ ಹೋಲ್ಡ್’ ಇರುವ ಯಂತ್ರಗಳಲ್ಲಿ ಎಲೆ ಮೂಡಿದೊಡನೆ ಯಾವುದನ್ನು ಹಿಡಿಯತಕ್ಕದ್ದೆಂಬುದನ್ನು ಯಂತ್ರವೇ ಗುರುತಿಸಿ ಹಿಡಿದಿರುತ್ತದೆ. ಆಟಗಾರನು ಅದನ್ನು ತಿದ್ದಬಹುದು, ಅವಸರದಲ್ಲಿರುವವನು ತಿದ್ದುವುದಿಲ್ಲ.

ಆ ಸಲಹೆ ಎಲ್ಲ ಯಂತ್ರಗಳಲ್ಲಿಯೂ ಒಂದೇ ಬಗೆಯದಲ್ಲ. ಕೆಲವು ನಿಷ್ಕೃಷ್ಟವಾದ ಗಣಿತವನ್ನು ಅನುಸರಿಸುತ್ತವೆ. ಕೆಲವು ಕಣ್ಣಿಗೆ ಕಂಡ ಜೋಡಿಯನ್ನೋ, ಆಗಲೇ ಗೆದ್ದ ಕೈಯನ್ನೋ ಹಿಡಿದು ಅಷ್ಟಕ್ಕೆ ತೃಪ್ತವಾಗುತ್ತವೆ. ಭೇದವೆಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಗುಲಾಮರ ಜೋಡಿ ಅಥವಾ ಅದಕ್ಕೆ ಮೇಲ್ಪಟ್ಟದ್ದು ಬಂದರೆ ಮಾತ್ರ ಪಣ ಹಿಂದಿರುಗುವ, ಒಂದೇ ಜಾತಿಯ ಐದೆಲೆಗೆ, ಎಂದರೆ ಫ್ಲಷ್‌ಗೆ, ಆರರಷ್ಟು ಕೊಡುವ ಪ್ರಸಿದ್ಧ ಆಟವನ್ನೇ ತೆಗೆದುಕೊಳ್ಳೋಣ. ಕೈಯಲ್ಲಿ ಆಟೀನಿನ 3, 5, 8, 10, ಜೊತೆಗೆ ಇಸ್ಪೀಟಿನ 5 ಇದ್ದರೆ, ಐದರ ಜೋಡಿಯನ್ನು ಹಿಡಿದವನಿಗೆ ಒಂದು ರೂಪಾಯಿ ಪಣಕ್ಕೆ ಸರಾಸರಿ ದಕ್ಕುವುದು ಸುಮಾರು 82 ಪೈಸೆ. ಜೋಡಿಯನ್ನು ಒಡೆದು ನಾಲ್ಕು ಆಟೀನುಗಳನ್ನು ಹಿಡಿದರೆ, ಉಳಿದ 47ರಲ್ಲಿ 9 ಆಟೀನುಗಳಿರುವುದರಿಂದ 54ನ್ನು 47ರಿಂದ ಭಾಗಿಸಿದಷ್ಟು, ಅಂದರೆ 1 ರೂಪಾಯಿ 15 ಪೈಸೆ ದಕ್ಕುತ್ತದೆ.

ಇದಕ್ಕಿಂತ ಮನೋಹರವಾದದ್ದು ಮತ್ತೊಂದು ಕೈ. ಆಟೀನಿನ 10, ಗುಲಾಮ, ರಾಣಿ, ರಾಜ ಮತ್ತು 4 ಒಟ್ಟಿಗೆ ಬಂದಿವೆಯೆನ್ನಿ. ಫ್ಲಷ್ ಆಗಲೇ ಸಿದ್ಧವಾಗಿದೆ, ಆರರಷ್ಟು ಖಚಿತ. ಗೆದ್ದದ್ದನ್ನೇ ಹಿಡಿಯುವ ಯಂತ್ರವು ಐದನ್ನೂ ಹಿಡಿದು ನಿಲ್ಲುತ್ತದೆ. ಆದರೆ ಬಲ್ಲವನು ಆ ನಾಲ್ಕರ ಎಲೆಯೊಂದನ್ನೇ ಬಿಡುತ್ತಾನೆ. ಏಕೆಂದರೆ ಆಟೀನಿನದೇ ಎಕ್ಕ ಬಂದರೆ ಪೂರ್ಣ ಪಣಕ್ಕೆ 800ರಷ್ಟು, ಒಂಬತ್ತು ಬಂದರೆ 50ರಷ್ಟು. ಬೇರೆ ಆಟೀನು ಬಂದರೆ ಫ್ಲಷ್ ಮತ್ತೆ ಕೂಡುತ್ತದೆ. ಇತರ ಜಾತಿಯ ಎಕ್ಕ, ಒಂಬತ್ತುಗಳಿಂದ ಸಾಲು, ರಾಜ ರಾಣಿ ಗುಲಾಮರಿಂದ ಜೋಡಿ. ಎಲ್ಲವನ್ನೂ ಕೂಡಿದರೆ 919. 47ರಿಂದ ಭಾಗಿಸಿದರೆ ಹತ್ತೊಂಬತ್ತೂವರೆಯಷ್ಟು. ಗೆದ್ದ ಎಲೆಯನ್ನು ಕೈಯಾರೆ ಕೆಡಹುವ ಈ ಧೈರ್ಯವು ಎಣಿಕೆಯಿಂದ ಹುಟ್ಟಿದ್ದು, ದುಸ್ಸಾಹಸದಿಂದಲ್ಲ. ಇದನ್ನು ಒಮ್ಮೆ ಸ್ವತಃ ಕಂಡುಕೊಂಡವನ ಸಂತೋಷವನ್ನು ಯಾವ ಸ್ವಯಂಚಾಲಿತ ಸಲಹೆಯೂ ಕೊಡಲಾರದು.

ಮೈಸೂರಿನ ಅಭಿರುಚಿಗೆ ಇಂಥ ಎಣಿಕೆಯ ಆಟ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಚಾಮುಂಡೇಶ್ವರಿ ಛದವೆಂಬ ಎಲೆಯಾಟದಲ್ಲಿ 320 ಎಲೆಗಳು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿಯೆಂಬ ಭಾಗದಲ್ಲಿ ಇಂಥ ಆಟಗಳ ವಿವರಣೆಯುಂಟು. ಅಷ್ಟು ಎಲೆಗಳ ಗತಿಯನ್ನು ಆಟಗಾರರು ಸ್ಮೃತಿಬಲದಿಂದಲೇ ಅರಿಯುತ್ತಿದ್ದರೆಂದರೆ, ಐದೆಲೆಗೆ ಸಹಾಯಕನನ್ನು ಕೇಳುವುದು ನನಗೆ ಸೇರದು.

ಸಹಾಯಕನು ಯಾರ ಸೇವಕನೆಂಬ ಪ್ರಶ್ನೆಯೂ ಇದೆ. ನಮ್ಮ ಈ ತಾಲ್ಲೂಕುಗಳಲ್ಲಿ ಕ್ಯಾಸಿನೋ ಇಲ್ಲ. ಗೋವೆಯಲ್ಲಿ 1992ರ ತಿದ್ದುಪಡಿಯಿಂದ ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳಿಗೆ ಅನುಮತಿ ದೊರೆತಿದೆ. ಬೆಂಗಳೂರಿನ ವೀಡಿಯೋ ಆಟದ ಅಂಗಡಿಗಳ ಪರವಾನಗಿಯ ಬಗ್ಗೆ 1995ರಲ್ಲಿ ಎಂ.ಜೆ. ಸಿವಾನಿ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು ತೀರ್ಮಾನಿಸಿದಾಗ, ಯಂತ್ರದ ಒಳಭಾಗವನ್ನು ತಿದ್ದಿ ಗೆಲುವನ್ನು ಅಸಾಧ್ಯಪ್ರಾಯ ಮಾಡಬಹುದೆಂಬ ಸಂಗತಿ ಗಣನೆಗೆ ಬಂದಿತ್ತು. ಯಾರೊಡನೆ ಆಡುತ್ತೇವೆಯೋ ಅವರೇ ಇಟ್ಟ ಯಂತ್ರವು ‘ಇದನ್ನು ಹಿಡಿ’ ಎಂದಾಗ, ಅದು ಸತ್ಯವನ್ನೇ ಹೇಳುತ್ತಿದ್ದರೂ, ಪರೀಕ್ಷಿಸಿ ನೋಡುವ ಶಕ್ತಿ ನಮ್ಮಲ್ಲಿರಬೇಕಾದದ್ದು ನ್ಯಾಯ. ಮೊಬೈಲಿನ ರಮ್ಮಿಯಲ್ಲಿ ಎಲೆಗಳನ್ನು ತಾನೇ ಜೋಡಿಸಿಕೊಡುವ ಗುಂಡಿಯನ್ನು ಒತ್ತಿ ಕಲಿತ ತರುಣರು, ಜಗಲಿಯಲ್ಲಿ ನಿಜವಾದ ಹದಿಮೂರು ಎಲೆ ಕೈಗೆ ಬಂದಾಗ ತಡವರಿಸುವುದನ್ನು ನಾನು ವಿಷಾದದಿಂದ ನೋಡಿದ್ದೇನೆ. ಹಣವಿಟ್ಟಾಡುವ ಅಂಥ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ನಿಷೇಧಿಸಿದೆ. ಕಟ್ಟಿನ ಎಲೆಗಳು ಮಾತ್ರ ಮನೆಯಲ್ಲಿಯೇ ಇವೆ.

ಆದುದರಿಂದ ಪಣವಿಲ್ಲದೆ, ಯಂತ್ರವಿಲ್ಲದೆ, ಒಂದು ಕಟ್ಟನ್ನು ಕಲಸಿ ಐದೆಲೆ ಹಾಕಿಕೊಳ್ಳಿ. ಇಡುವುದನ್ನು ಕಾಗದದಲ್ಲಿ ಬರೆದ ಮೇಲೆಯೇ ಎಣಿಸಿ. ಈ ವಾರಕ್ಕೆ ಒಂದು ಕೈ: ಆಟೀನಿನ ಗುಲಾಮ, 9, 6, 2, ಮತ್ತು ಇಸ್ಪೀಟಿನ ಗುಲಾಮ. ಜೋಡಿಯೋ, ನಾಲ್ಕು ಆಟೀನೋ? ಎಣಿಕೆಯನ್ನು ಮುಂದಿನ ವಾರ ಕೊಡುತ್ತೇನೆ.