ಕಲ್ಲಿನ ಮೇಲೆ ಹೊರಿಸಿದ ತಪ್ಪು

ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಸ್ವಂತ ಮನೆ ಕಟ್ಟಿಸಲು ಹೊರಟವರು ಇಂಜಿನಿಯರ್ ಮುಂದೆ ಕೂತಾಗ, ಎಷ್ಟು ಕೋಣೆ ಬೇಕು, ದೇವರ ಮನೆ ಯಾವ ಮೂಲೆಗೆ ಎಂಬ ಮಾತಿಗಿಂತ ಮೊದಲೇ ಒಂದು ಸಂಗತಿ ಇತ್ಯರ್ಥವಾಗಿರುತ್ತದೆ. "ಕಲ್ಲಿನ ಗ್ವಾಡಿ ಬ್ಯಾಡ್ರೀ, ಪಿಲ್ಲರ್ ಹಾಕ್ರಿ." ಮರಾಠಿಯಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ ಮಾತು ಇದೇ. ಇದರ ಹಿಂದೆ ಇರುವುದು 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಆದ ಭೂಕಂಪ. ಗಣಪತಿ ಕಳಿಸಿ ಬಂದು ಮಲಗಿದ್ದವರ ಮೇಲೆ ಕಿಲ್ಲಾರಿ, ಸಾಸ್ತೂರ ಮತ್ತು ಸುತ್ತಲಿನ ಹಳ್ಳಿಗಳ ಗೋಡೆಗಳು ಕುಸಿದವು. ಸರ್ಕಾರಿ ಲೆಕ್ಕದಲ್ಲೇ 7,900ಕ್ಕೂ ಹೆಚ್ಚು ಜೀವ ಹೋದವು. ಕಂಪನದ ಪ್ರಮಾಣ 6.2ರ ಆಸುಪಾಸು. ಗಟ್ಟಿಯಾಗಿ ಕಟ್ಟಿದ ಊರಲ್ಲಿ ಇಷ್ಟು ಹೆಣ ಉರುಳಿಸುವಷ್ಟು ದೊಡ್ಡದಲ್ಲ ಅದು. ಹಾಗಾಗಿ ತಪ್ಪು ಮನೆಯದೇ ಎಂದು ಜನ ತೀರ್ಮಾನಿಸಿದ್ದು ಸರಿಯೇ. ಆದರೆ ಮನೆಯಲ್ಲಿ ಯಾವುದರ ತಪ್ಪು? ಇಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿದೆ.

ಹಳೆಯ ಮನೆಯ ಗೋಡೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ವಿಷಯ ತಿಳಿಯುತ್ತದೆ. ದಪ್ಪ ಎರಡು ಅಡಿಗೆ ಕಡಿಮೆ ಇಲ್ಲ, ವಾಡೆಗಳಲ್ಲಿ ಅದಕ್ಕೂ ಹೆಚ್ಚು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು. ನಡುವೆ ಚೂರುಗಲ್ಲು, ಮಣ್ಣು. ಎರಡು ಸಾಲನ್ನೂ ಹಿಡಿದು ಕಟ್ಟುವ, ಗೋಡೆಯ ಆರಪಾರ ಹಾಯುವ ಉದ್ದನೆಯ ಕಲ್ಲು ಬಹುಪಾಲು ಮನೆಗಳಲ್ಲಿ ಇರಲೇ ಇಲ್ಲ. ನೋಡಲು ಒಂದೇ ಗೋಡೆ, ನಿಜದಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ನಿಂತ ಎರಡು ತೆಳು ಗೋಡೆ. ನೆಲ ಅಲುಗಿದಾಗ ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಬಿತ್ತು. ಮೇಲೆ ತೊಲೆ, ಜಂತಿ, ಹಲಗೆ. ಅದರ ಮೇಲೆ ಬಿಳಿ ಮಣ್ಣಿನ ಮಾಳಿಗೆ. ಸೋರಿದಾಗಲೆಲ್ಲ ಇನ್ನೊಂದು ಪದರು ಹಾಕುವುದು ರೂಢಿ. ಅಜ್ಜನ ಕಾಲದಿಂದ ಹೀಗೆ ಪದರು ಏರುತ್ತಾ ಬಂದು ಮಾಳಿಗೆಯೇ ಟನ್ನುಗಟ್ಟಲೆ ಭಾರವಾಗಿತ್ತು. ಗಮನಿಸಬೇಕಾದ್ದು ಇನ್ನೊಂದಿದೆ: ಗೋಡೆ ಪೂರಾ ಬಿದ್ದ ಎಷ್ಟೋ ಮನೆಗಳಲ್ಲಿ ಮರದ ಕಂಬ, ತೊಲೆಗಳ ಚೌಕಟ್ಟು ನಿಂತೇ ಇತ್ತು. ಹಳೆಯ ಬಡಿಗ ಕೆಲಸ ಬಲ್ಲವನಾಗಿದ್ದ. ಗೋಡೆ ಕಟ್ಟಿದವನು ಬೆಸುಗೆ ಮರೆತಿದ್ದ. ಕಲ್ಲು ಜನರನ್ನು ಕೊಂದದ್ದು ಹೌದು, ಆದರೆ ಕಲ್ಲನ್ನು ಕಲ್ಲಿಗೆ ಕಟ್ಟದೆ ಬಿಟ್ಟದ್ದರಿಂದ.

ಭೂಕಂಪದ ನಂತರ ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ಸಾಲ ತಂದು ಎರಡು ಬಗೆಯ ಕೆಲಸ ಮಾಡಿತು. ಮನೆ ವಿನ್ಯಾಸದ ಪಾಠವಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು 52 ಹಳ್ಳಿಗಳನ್ನು ಇದ್ದ ಜಾಗದಿಂದ ಎತ್ತಿ ಹೊಸ ಜಾಗದಲ್ಲಿ ಕಟ್ಟಿದ್ದು. ಅಲ್ಲಿ ಮನೆಯ ಅಳತೆ ಹೊಲದ ಅಳತೆಯ ಮೇಲೆ ನಿಂತಿತು: ಭೂಮಿ ಇಲ್ಲದವರಿಗೂ ಚೂರುಪಾರು ಇದ್ದವರಿಗೂ 250 ಚದರ ಅಡಿ, ನಡುವಿನವರಿಗೆ 450, ದೊಡ್ಡ ಹಿಡುವಳಿದಾರರಿಗೆ 750. ಹೊಲ ಎಷ್ಟು ಎಂದು ಕೇಳಿದರು. ಉಣ್ಣುವ ಬಾಯಿ ಎಷ್ಟು ಎನ್ನುವುದು ಲೆಕ್ಕಕ್ಕೆ ಬರಲಿಲ್ಲ. ಅಗಲ ರಸ್ತೆ, ನೇರ ಸಾಲು, ಪ್ಲಾಟಿನ ನಡುವೆ ಒಂಟಿಯಾಗಿ ನಿಂತ ಕಾಂಕ್ರೀಟ್ ಪೆಟ್ಟಿಗೆ. ಪಟ್ಟಣದ ಕಾಲೊನಿಯ ನಕಾಶೆಯನ್ನು ಹಾಗೇ ಎರೆಹೊಲದ ಮೇಲೆ ಹಾಸಿದಂತಿತ್ತು. ಬೀದಿಗೆ ಬೆನ್ನು ಹಾಕಿ ಅಂಗಳಕ್ಕೆ ಮುಖ ಮಾಡಿದ್ದ ಬದುಕನ್ನು ತಂದು ಬೀದಿಗೆ ಮುಖ ಮಾಡಿ ನಿಲ್ಲಿಸಿದರು. ಹೆಣ್ಣುಮಕ್ಕಳು ಪಾತ್ರೆ ತಿಕ್ಕಲು, ಕಾಳು ಹಸನು ಮಾಡಲು ಮರೆ ಇರಲಿಲ್ಲ. ಜನ ಬಂದು ಕೆಲವೇ ದಿನಕ್ಕೆ ಸುತ್ತ ಗೋಡೆ ಎಬ್ಬಿಸಿಕೊಂಡರು, ತಗಡು ಇಳಿಸಿಕೊಂಡರು, ದನಕ್ಕೆ ಜಾಗ ಮಾಡಿಕೊಂಡರು. ವಾಸ್ತುಶಿಲ್ಪಿಗಳು ಇದನ್ನು ಮನಬಂದಂತೆ ಮಾಡಿದ ಬದಲಾವಣೆ ಎನ್ನಬಹುದು. ನನ್ನ ಕಣ್ಣಿಗೆ ಆ ನಕಾಶೆಗಳ ಅತ್ಯಂತ ಕಟುವಾದ ವಿಮರ್ಶೆ ಅದೇ, ಇಟ್ಟಿಗೆಯಲ್ಲಿ ಬರೆದದ್ದು.

ನ್ಯಾಯ ಹೇಳಬೇಕೆಂದರೆ, ಹಳೆಯ ವಾಡೆಯನ್ನು ಹೊಗಳಿ ಹಾಡುವವರ ಜೊತೆಗೂ ನಾನಿಲ್ಲ. ದೇಶಮುಖರ, ಪಾಟೀಲರ ವಾಡೆ ಊರಿಗೆ ಒಂದೋ ಎರಡೋ. ಉಳಿದವರದು ನಾಲ್ಕು ಅಂಕಣದ ಮನೆ, ಅದರಲ್ಲೇ ಎತ್ತು, ಅದರಲ್ಲೇ ಒಲೆ. ಅಡುಗೆ ಮನೆಗೆ ಮಾಳಿಗೆಯ ಬೆಳಕಿಂಡಿ ಬಿಟ್ಟರೆ ಬೆಳಕಿಲ್ಲ. ಹೊಗೆ ಕುಡಿದು ಕಣ್ಣು ಕಳೆದುಕೊಂಡ ಅವ್ವಂದಿರ ಲೆಕ್ಕವನ್ನು ಯಾವ ಸರ್ಕಾರವೂ ಇಟ್ಟಿಲ್ಲ. ಶೌಚಾಲಯದ ಮಾತೇ ಬೇಡ. ಹೊಸ ಮನೆಯಲ್ಲಿ ಕಿಟಕಿ ಇರುವ ಅಡುಗೆ ಕೋಣೆ, ಒಳಗೇ ಬಚ್ಚಲು ಬಂದದ್ದು ದೊಡ್ಡ ಗಳಿಕೆಯೇ.

ಎರಡನೆಯ ಕೆಲಸ ಹೆಚ್ಚು ಸುದ್ದಿ ಮಾಡಲಿಲ್ಲ, ಆದರೆ ವಿನ್ಯಾಸದ ದೃಷ್ಟಿಯಿಂದ ಅದೇ ಮೇಲು. ಪೂರ್ತಿ ಬೀಳದ ಸುಮಾರು 2 ಲಕ್ಷ ಮನೆಗಳನ್ನು ಆಯಾ ಮನೆಯವರ ಕೈಯಿಂದಲೇ ದುರಸ್ತಿ ಮಾಡಿಸಿ ಬಲಪಡಿಸಿದ್ದು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮೂಲಕ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹೆಂಗಸರನ್ನೇ ಸಂವಾದ ಸಹಾಯಕಿಯರನ್ನಾಗಿ ನೇಮಿಸಿದರು. ಯಾವ ಗೋಡೆ ಏಕೆ ಬಿತ್ತು, ಹಣ ಯಾವಾಗ ಬರುತ್ತದೆ, ಗವಂಡಿಗೆ ಏನು ಹೇಳಬೇಕು ಎಂಬುದನ್ನು ಅವರು ಮನೆಮನೆಗೆ ಮುಟ್ಟಿಸಿದರು. ಆಗ ಕಲಿಸಿದ್ದು ಹೀಗಿತ್ತು: ಗೋಡೆಯ ಎರಡೂ ಕಡೆಯಿಂದ ಮೆಲ್ಲಗೆ ಕಲ್ಲು ಬಿಡಿಸಿ ಆರಪಾರ ತೂತು ಮಾಡು, ಎರಡೂ ತುದಿ ಕೊಕ್ಕೆಯಾಗಿ ಬಗ್ಗಿಸಿದ ಕಬ್ಬಿಣದ ಸರಳು ಇಡು, ಕಾಂಕ್ರೀಟ್ ತುಂಬು. ಕಿಟಕಿ ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಒಂದು ಪಟ್ಟಿ ಓಡಿಸು. ಮಾಳಿಗೆಯ ಮಣ್ಣು ಇಳಿಸಿ ಹಗುರ ಮಾಡು. ಇದರಲ್ಲಿ ಕಲ್ಲನ್ನು ಬಯ್ಯುವ ಮಾತೇ ಇಲ್ಲ.

ಈ ಪಾಠ ದುರಸ್ತಿಗೆ ನಿಂತುಹೋಯಿತು, ಹೊಸ ಮನೆಗೆ ದಾಟಲಿಲ್ಲ. ಈಗ ಪೇಟೆಗಳಲ್ಲಿ ಎದ್ದಿರುವ ಬಂಗಲೆಗಳನ್ನು ನೋಡಿ. ಮುಂದೆ ಕಾರಿಗೆ ಪೋರ್ಚ್, ಹಿಂದೆ ಹಾಲ್, ಪಕ್ಕಕ್ಕೆ ಕಿಚನ್, ಅಟ್ಯಾಚ್ಡ್ ಬೆಡ್‌ರೂಮ್. ಪಿಲ್ಲರ್ ಹೆಚ್ಚಾಗಿ ಒಂಬತ್ತಿಂಚು, ಏಕೆಂದರೆ ಗೋಡೆಯ ಹೊರಗೆ ಮೂಲೆ ಕಾಣಬಾರದು. ಭೂಕಂಪಕ್ಕೆ ಮುಂಚೆ ಕಿಲ್ಲಾರಿ ಪ್ರದೇಶ ದೇಶದ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ವಲಯ 3ಕ್ಕೆ ಏರಿತು. ಆ ವಲಯಕ್ಕೆ ಅನ್ವಯಿಸುವ ಐಎಸ್ 13920 ಸಂಹಿತೆ 2016ರಲ್ಲಿ ಪಿಲ್ಲರಿನ ಕನಿಷ್ಠ ಅಗಲವನ್ನು 300 ಮಿಲಿಮೀಟರ್, ಅಂದರೆ ಹನ್ನೆರಡಿಂಚು ಎಂದು ನಿಗದಿ ಮಾಡಿದೆ. ಹನ್ನೆರಡಿಂಚು ಹಾಕಿದರೆ ಹಾಲಿನ ಮೂಲೆಯಲ್ಲಿ ಪಿಲ್ಲರ್ ಮೂರಿಂಚು ಚಾಚಿಕೊಳ್ಳುತ್ತದೆ, ಸೋಫಾ ಕೂರುವುದಿಲ್ಲ. ಸೋಫಾ ಗೆಲ್ಲುತ್ತದೆ.

ಪಿಲ್ಲರಿನ ಒಳಗೆ ಇನ್ನೊಂದಿದೆ. ಉದ್ದನೆಯ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯನ್ನು ಕಾಂಕ್ರೀಟಿನ ಒಡಲಿಗೆ 135 ಡಿಗ್ರಿ ಬಗ್ಗಿಸಬೇಕು. ತೊಲೆ ಬಂದು ಸೇರುವ ಕಡೆ ರಿಂಗುಗಳು ಒತ್ತೊತ್ತಾಗಿರಬೇಕು. ಬಾರ್ ಬೆಂಡರ್ ರೂಢಿಯಂತೆ 90 ಡಿಗ್ರಿಗೇ ಬಿಟ್ಟಿರುತ್ತಾನೆ, ಕೆಲಸ ಬೇಗ ಆಗುತ್ತದೆ. ಕಾಂಕ್ರೀಟ್ ಬಿದ್ದ ಮೇಲೆ ನೋಡುವವರು ಯಾರು? ಕಂಪನ ಬಂದಾಗ ಮೊದಲು ಬಿಚ್ಚಿಕೊಳ್ಳುವುದು ಆ ಕೊಕ್ಕೆಯೇ. ಅಂದರೆ ಕಲ್ಲಿನ ಗೋಡೆಯಲ್ಲಿ ಆರಪಾರ ಕಲ್ಲು ಮರೆತ ಅದೇ ಊರು ಈಗ ಪಿಲ್ಲರಿನಲ್ಲಿ ಕೊಕ್ಕೆ ಮರೆಯುತ್ತಿದೆ. ಕೆಳಗೆ ಬರೀ ಪಿಲ್ಲರ್ ಮೇಲೆ ನಿಂತ ಪಾರ್ಕಿಂಗ್, ಮೇಲೆ ಮನೆ ಎಂಬ ಮಾದರಿಯೂ ಪೇಟೆಗಳಲ್ಲಿ ಹೆಚ್ಚುತ್ತಿದೆ. 2001ರ ಜನವರಿ 26ರ ಭೂಕಂಪಕ್ಕೆ ಅಹಮದಾಬಾದಿನಲ್ಲಿ ಉರುಳಿದ ಕಟ್ಟಡಗಳಲ್ಲಿ ಬಹಳಷ್ಟು ಇದೇ ಜಾತಿಯವು.

ಎರೆಮಣ್ಣಿನದು ಬೇರೆಯೇ ಕಥೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ನೆಲದಲ್ಲಿ ಪಾಯ ಗಟ್ಟಿ ಮುರುಮಿನವರೆಗೆ ಇಳಿಯದಿದ್ದರೆ ಎರಡೇ ಮಳೆಗಾಲಕ್ಕೆ ಗೋಡೆಯಲ್ಲಿ ಓರೆ ಬಿರುಕು ಏಳುತ್ತದೆ. ಗ್ರಾನೈಟ್, ಪಿಓಪಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದಷ್ಟು ನೆಲದೊಳಗೆ ಹೋಗಬೇಕಾದ್ದು. ಕಾಣದ ಕಡೆ ಖರ್ಚು ಮಾಡಲು ಯಾರಿಗೂ ಮನಸ್ಸಾಗುವುದಿಲ್ಲ, ಗೃಹಪ್ರವೇಶಕ್ಕೆ ಬಂದವರು ಪಾಯವನ್ನು ಹೊಗಳುವುದೂ ಇಲ್ಲ.

ಇನ್ನು ಬದುಕುವ ಮಾತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ಐದಿಂಚಿನ ಬರೀ ಸ್ಲ್ಯಾಬ್ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಮಲಗಿದವರ ಮೇಲೆ ಉಗುಳುತ್ತದೆ. ಮಾಳಿಗೆಯ ಮಣ್ಣು ಭಾರವಿತ್ತು, ಆದರೆ ತಂಪಿತ್ತು. ಭಾರವಿಲ್ಲದ ತಂಪಿಗೆ ಸ್ಲ್ಯಾಬಿನ ಮೇಲೆ ಸುಣ್ಣ, ಬಿಳಿ ಹೆಂಚಿನ ಚೂರು, ಪಡುವಣ ಬಿಸಿಲು ತಡೆಯುವ ಪಡಸಾಲೆ, ಒಳಗಿನ ಸೆಕೆ ಮೇಲಕ್ಕೆ ಹೋಗಲು ಒಂದು ಚಿಕ್ಕ ಅಂಗಳ ಸಾಕು. ಇವುಗಳಲ್ಲಿ ಯಾವುದಕ್ಕೂ ದುಬಾರಿ ಸಾಮಾನು ಬೇಡ. ಆದರೆ ಅಂಗಳ ಬಿಟ್ಟರೆ ಚದರ ಅಡಿ ಹಾಳಾಯಿತು ಎಂಬ ಲೆಕ್ಕ. ಸೋಯಾಬೀನ್, ತೊಗರಿ ಚೀಲಗಳು ಬಂದಿಳಿಯುವ ಕುಟುಂಬಕ್ಕೂ ಕೋಠಿ ಇಲ್ಲದ ನಕಾಶೆಯೇ ಸಿಗುತ್ತದೆ. ದೀಪಾವಳಿಗೆ ಚೀಲಗಳು ಟಿವಿ ಪಕ್ಕದಲ್ಲಿರುತ್ತವೆ. ನೀರಿನ ಮಾತೂ ಹೀಗೇ. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದ ಸೀಮೆ ಇದು. ಆ ವರ್ಷದ ನಂತರ ಕಟ್ಟಿದ ಮನೆಗಳಲ್ಲೂ ಮಾಳಿಗೆ ನೀರು ಪೈಪಿನಲ್ಲಿ ಇಳಿದು ಗಟಾರಕ್ಕೆ ಹೋಗುವುದನ್ನು ಕಾಣಬಹುದು.

ನಮ್ಮ ಕಡೆಯವರು ಇದೆಲ್ಲ ಗಡಿಯಾಚೆಯ ಕಥೆ ಎಂದುಕೊಳ್ಳುವಂತಿಲ್ಲ. 1956ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳೇ. ಆಳಂದ, ಬಸವಕಲ್ಯಾಣ, ಭಾಲ್ಕಿಯ ಹಳೆಯ ಮನೆಗಳಲ್ಲಿ ಅದೇ ಎರಡು ಸಾಲಿನ ಗೋಡೆ, ಅದೇ ಮಣ್ಣಿನ ಮಾಳಿಗೆ. ದುರಸ್ತಿಯ ಆ ಯೋಜನೆ ಮಹಾರಾಷ್ಟ್ರದ್ದು. ರಾಜ್ಯದ ಗೆರೆಗೆ ಬಂದು ನಿಂತಿತು. ಅಜ್ಜನ ಮನೆ ಕೆಡವಿ ಸ್ಲ್ಯಾಬ್ ಹಾಕಿಸಬೇಕೆಂದು ಆಳಂದದಲ್ಲಿ ಯಾರಾದರೂ ಲೆಕ್ಕ ಹಾಕುತ್ತಿದ್ದರೆ, ಗೋಡೆಗೆ ಆರಪಾರ ಸರಳು, ಸುತ್ತ ಪಟ್ಟಿ, ಮಾಳಿಗೆಯಿಂದ ಇಳಿಸುವ ಮಣ್ಣು, ಇವುಗಳ ಖರ್ಚನ್ನೂ ಗವಂಡಿಯ ಹತ್ತಿರ ಒಮ್ಮೆ ಬರೆಸಿ ನೋಡಲಿ. ಹೊಸದನ್ನೇ ಕಟ್ಟಿಸುವುದಾದರೆ ಸ್ಲ್ಯಾಬ್ ಹಾಕುವ ದಿನಕ್ಕಿಂತ ಮುಂಚೆ, ಸೆಂಟರಿಂಗ್ ಮುಚ್ಚುವ ಮೊದಲು, ಒಂದು ಸಂಜೆ ಹೋಗಿ ರಿಂಗುಗಳ ತುದಿ ನೋಡಿಬರಲಿ.