‘ತೀರ್ಪುಗಾರರ ತೀರ್ಮಾನವೇ ಅಂತಿಮ’: ಒಂದು ವಾಕ್ಯದ ವಿಮರ್ಶೆ

ಮಳೆಗಾಲ ಕಳೆದು, ಕೊಯ್ಲಾದ ಗದ್ದೆಗಳು ಒಣಗುತ್ತಿದ್ದಂತೆ ಬ್ರಹ್ಮಾವರದಿಂದ ಕುಂದಾಪುರ, ಬೈಂದೂರಿನವರೆಗೆ ಊರೂರಿನಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾಟಗಳ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ಪ್ರವೇಶ ಶುಲ್ಕ, ಓವರುಗಳ ಸಂಖ್ಯೆ, ಬಹುಮಾನದ ಮೊತ್ತ, ದಾನಿಗಳ ನಾಮಾವಳಿ ಎಲ್ಲವೂ ಮುಗಿದ ಮೇಲೆ ತಳಭಾಗದಲ್ಲಿ ಸಣ್ಣ ಅಕ್ಷರಗಳ ಒಂದು ವಾಕ್ಯವಿರುತ್ತದೆ: ‘ತೀರ್ಪುಗಾರರ ತೀರ್ಮಾನವೇ ಅಂತಿಮ.’ ಗ್ರಂಥಗಳ ವಿಮರ್ಶೆಗೆ ಮೀಸಲಾದ ಪುಟದಲ್ಲಿ ಕರಪತ್ರದ ಒಂದು ಸಾಲನ್ನು ಎತ್ತಿಕೊಂಡದ್ದಕ್ಕೆ ಸುಜ್ಞ ಓದುಗರು ಮನ್ನಿಸಬೇಕು. ನಮ್ಮ ಭಾಗದಲ್ಲಿ ಇಷ್ಟು ಸಲ ಅಚ್ಚಾಗುವ ಮತ್ತು ಇಷ್ಟು ಕಡಿಮೆ ಪಾಲನೆಯಾಗುವ ಇನ್ನೊಂದು ವಾಕ್ಯ ನನಗೆ ತಿಳಿಯದು.

ತರುಣರ ವಿಷಯ ಹಾಗಿರಲಿ. ರಕ್ತ ಬಿಸಿಯಿರುವ ವಯಸ್ಸು. ಚಿಂತೆಗೆ ಕಾರಣವಾಗುವುದು ನಲವತ್ತು ದಾಟಿದವರಿಗೆಂದೇ ನಡೆಯುವ ಹಿರಿಯರ ಪಂದ್ಯಗಳು. ಅಲ್ಲಿ ಆಡುವವರು ಅಂಗಡಿಯಲ್ಲಿ ತಕ್ಕಡಿ ಹಿಡಿದವರು, ಬ್ಯಾಂಕಿನಲ್ಲಿ ಲೆಕ್ಕ ಬರೆದವರು, ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದಿದವರು. ಮನೆಯಲ್ಲಿ ಮಕ್ಕಳಿಗೆ ಸಹನೆಯ ಪಾಠ ಹೇಳುವವರೂ ಅವರೇ. ಒಂದು ರನೌಟು ತಮಗೆ ವಿರುದ್ಧವಾದೊಡನೆ ಬ್ಯಾಟನ್ನು ನೆಲಕ್ಕೆ ಬಡಿದು, ‘ಔಟಾಯ್ಲ ಮಾರಾಯಾ’ ಎನ್ನುತ್ತ, ಮಗನ ವಯಸ್ಸಿನ ತೀರ್ಪುಗಾರನ ಮೇಲೆ ಏರಿಹೋಗುತ್ತಾರೆ. ಆ ಹುಡುಗನಿಗೆ ಸಿಗುವುದು ಅಲ್ಪ ಗೌರವಧನ. ಇಡೀ ದಿನದ ಬಿಸಿಲು ಮಾತ್ರ ಪೂರ್ತಿ. ಗೆದ್ದವರಿಗಾದರೂ ಒಂದು ಕಪ್ಪಿನ ಹೊರತು ಹೆಚ್ಚೇನೂ ದಕ್ಕುವುದಿಲ್ಲ. ಲಾಭವಿಲ್ಲದ ಕಡೆಯಲ್ಲಿಯೇ ಇಷ್ಟು ಕ್ರೋಧವೇಕೆ ಎಂಬುದು ವಿಚಾರಣೀಯ.

ಈ ವಾಕ್ಯದ ಮೂಲವನ್ನು ಹುಡುಕಿದರೆ ಅದು ಕ್ರಿಕೆಟಿನ ಅಧಿಕೃತ ನಿಯಮಾವಳಿಯಲ್ಲಿಯೇ ಇದೆ. ಆದರೆ ಅಲ್ಲಿ ಅದಕ್ಕೆ ಪೂರ್ವಾರ್ಧವೊಂದುಂಟು. 2017ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಾವಳಿಯ 2ನೆಯ ನಿಯಮದ ಪ್ರಕಾರ ತೀರ್ಪುಗಾರನು ತನ್ನ ತೀರ್ಮಾನವನ್ನು ತಡಮಾಡದೆ ಬದಲಾಯಿಸಬಹುದು. ಆ ಅವಕಾಶವನ್ನುಳಿದು ಕೊಟ್ಟ ತೀರ್ಮಾನ ಅಂತಿಮ. ನಮ್ಮ ಕರಪತ್ರಗಳು ಉತ್ತರಾರ್ಧವನ್ನು ಉಳಿಸಿಕೊಂಡು ಪೂರ್ವಾರ್ಧವನ್ನು ಕೈಬಿಟ್ಟಿವೆ. ಹೀಗಾಗಿ ತಪ್ಪೆಂದು ಅರಿವಾದರೂ ತಿದ್ದಿಕೊಳ್ಳುವುದು ಸೋಲೆಂದು ತೀರ್ಪುಗಾರನು ಭಾವಿಸುತ್ತಾನೆ. ಕೂಗಿದರೆ ತಿದ್ದಿಯಾನು ಎಂದು ಆಟಗಾರನು ಭಾವಿಸುತ್ತಾನೆ. ತಿದ್ದುವ ಅಧಿಕಾರ ತೀರ್ಪುಗಾರನದು, ಕೂಗಿದವನದಲ್ಲ ಎಂಬ ಸೂಕ್ಷ್ಮ ಅಳಿಸಿಹೋದದ್ದು ಹೀಗೆ.

ಬಹುಮಾನ ವಿತರಣೆಯ ವೇದಿಕೆಗಳಲ್ಲಿ ಅತಿಥಿಗಳು ತಪ್ಪದೆ ಹೇಳುವ ಕತೆ ಭದ್ರಾವತಿಯ ಗುಂಡಪ್ಪ ವಿಶ್ವನಾಥರದು. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನೊಡನೆ ಸುವರ್ಣ ಮಹೋತ್ಸವದ ಟೆಸ್ಟ್, ನಾಯಕರು ವಿಶ್ವನಾಥ್. (16ರಂದು ಸೂರ್ಯಗ್ರಹಣವೆಂದು ಆಟಕ್ಕೆ ಬಿಡುವು ಕೊಟ್ಟ ಪಂದ್ಯವಿದು. ನೆರೆಯ ಉತ್ತರ ಕನ್ನಡದ ಕರಾವಳಿಯಲ್ಲಿ ಅಂದು ಖಗ್ರಾಸ.) ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಎಸೆತದಲ್ಲಿ ಕಿರ್ಮಾನಿ ಹಿಡಿದ ಕ್ಯಾಚಿಗೆ ಬಾಬ್ ಟೇಲರ್ ಔಟೆಂದು ತೀರ್ಪುಗಾರ ಹನುಮಂತರಾಯರು ಬೆರಳೆತ್ತಿದರು. ಮೊದಲ ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಲಿಲ್ಲವೆಂಬ ನಿಶ್ಚಯವಿತ್ತು. ಅವರು ತೀರ್ಪುಗಾರರ ಬಳಿಗೆ ಹೋಗಿ ಕೇಳಿಕೊಂಡರು. ಟೇಲರ್ ಆಟ ಮುಂದುವರಿಸಿದರು. ಬೋಥಮ್ ಜೊತೆಗೂಡಿ 171 ರನ್ ಸೇರಿಸಿದರು. ಬೋಥಮ್ 114, ಟೇಲರ್ 43. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು.

ಕತೆಯನ್ನು ನಾವು ಇಲ್ಲಿಗೆ ನಿಲ್ಲಿಸಿ ವಿಶ್ವನಾಥರಿಗೆ ಕೈಮುಗಿಯುತ್ತೇವೆ. ಕೈಮುಗಿಯಬೇಕಾದದ್ದೇ. ಆದರೆ ನನ್ನ ಆಕ್ಷೇಪ ಕತೆ ಹೇಳುವ ಬಗೆಗೆ. ಅದರಲ್ಲಿ ಹನುಮಂತರಾಯರು ಕೇವಲ ತಪ್ಪು ಮಾಡಿದವರಾಗಿ ಬಂದು ಮಾಯವಾಗುತ್ತಾರೆ. ತುಂಬಿದ ಕ್ರೀಡಾಂಗಣದ ಎದುರು ಎತ್ತಿದ ಬೆರಳನ್ನು ಇಳಿಸುವುದು ಸಾಮಾನ್ಯವೇ? ಅದೂ ಆತಿಥೇಯ ತಂಡಕ್ಕೆ ಅನುಕೂಲವಾದ ತೀರ್ಮಾನವನ್ನು? ಎದುರಾಳಿಯನ್ನು ಮರಳಿ ಕರೆಯಲು ನಾಯಕನ ಔದಾರ್ಯವೊಂದೇ ಸಾಲದು; ಮನವಿಯನ್ನು ಹಿಂತೆಗೆದುಕೊಳ್ಳಲು ತೀರ್ಪುಗಾರನ ಒಪ್ಪಿಗೆ ಬೇಕೆಂದು 31ನೆಯ ನಿಯಮ ಹೇಳುತ್ತದೆ. ಅಂದರೆ ಅಂದು ಮುಂಬಯಿಯಲ್ಲಿ ದೊಡ್ಡವರಾದವರು ಇಬ್ಬರು.

ಇನ್ನೊಂದು ಮಾತು. ವಿಶ್ವನಾಥರೂ ತೀರ್ಪುಗಾರರ ಬಳಿಗೆ ನಡೆದುಹೋದರು, ನಮ್ಮ ಹಿರಿಯ ಆಟಗಾರರೂ ಹೋಗುತ್ತಾರೆ. ಅವರ ನಡಿಗೆ ತಮಗೆ ನಷ್ಟ ತರುವ ಕಡೆಗಿತ್ತು. ವ್ಯಾಪಾರದಲ್ಲಿ ಗಿರಾಕಿ ಹೆಚ್ಚು ಚಿಲ್ಲರೆ ಕೊಟ್ಟಾಗ ಮರಳಿಸುವವನಿಗೂ, ಕಡಿಮೆ ಕೊಟ್ಟನೆಂದು ಕೂಗುವವನಿಗೂ ಇರುವಷ್ಟೇ ಅಂತರ. ಇಬ್ಬರೂ ಲೆಕ್ಕ ಸರಿಯಿರಬೇಕೆಂದೇ ಹೇಳುವವರು. ನಮ್ಮ ಮೈದಾನಗಳಲ್ಲಿ ‘ನಾನು ಔಟ್, ನೀವು ತಪ್ಪು ಹೇಳಿದಿರಿ’ ಎಂದು ತೀರ್ಪುಗಾರನೊಡನೆ ವಾದಿಸಿದವರನ್ನು ನಾನಿನ್ನೂ ಕಂಡಿಲ್ಲ. ಯಾರಾದರೂ ಕಂಡಿದ್ದರೆ ಪತ್ರಿಕೆಗೆ ಬರೆದು ತಿಳಿಸಬೇಕು.

ತಪ್ಪಿದ ತೀರ್ಮಾನ ಅಂತಿಮವಾಗಿಯೇ ಉಳಿದರೆ ಏನಾಗುತ್ತದೆ? ಇದಕ್ಕೆ ಕ್ರಿಕೆಟಿನ ಬಂಧುವಾದ ಬೇಸ್‌ಬಾಲ್ ಆಟದಲ್ಲೊಂದು ನಿದರ್ಶನವಿದೆ. ಆ ಆಟದಲ್ಲಿ ಎದುರಾಳಿಯ 27 ದಾಂಡಿಗರಲ್ಲಿ ಒಬ್ಬನೂ ಮೊದಲ ನೆಲೆಯನ್ನು ಮುಟ್ಟದಂತೆ ಚೆಂಡೆಸೆದು ಮುಗಿಸಿದರೆ ಅದನ್ನು ಪರಿಪೂರ್ಣ ಆಟವೆನ್ನುತ್ತಾರೆ. ಅದು ಅತಿ ವಿರಳ. 2010ರ ಜೂನ್ 2ರಂದು ಡೆಟ್ರಾಯಿಟ್ ನಗರದಲ್ಲಿ ಅರ್ಮಾಂಡೊ ಗಲರಾಗಾ 26 ಮಂದಿಯನ್ನು ಹಾಗೆ ಮುಗಿಸಿ 27ನೆಯವನನ್ನೂ ಔಟ್ ಮಾಡಿದ್ದ. ತೀರ್ಪುಗಾರ ಜಿಮ್ ಜಾಯ್ಸ್ ಔಟಲ್ಲವೆಂದರು. ಗಲರಾಗಾ ಮುಗುಳ್ನಕ್ಕು ಮುಂದಿನ ಎಸೆತಕ್ಕೆ ಮರಳಿದ. ಪಂದ್ಯ ಮುಗಿದು ದೃಶ್ಯವನ್ನು ಕಂಡ ಜಾಯ್ಸ್ ತಪ್ಪು ತನ್ನದೆಂದು ಪತ್ರಿಕೆಯವರೆದುರೇ ಒಪ್ಪಿಕೊಂಡು, ಗಲರಾಗಾನಲ್ಲಿ ಕ್ಷಮೆ ಬೇಡಿದರು. ಮರುದಿನ ತಂಡದ ಆಟಗಾರರ ಪಟ್ಟಿಯನ್ನು ತೀರ್ಪುಗಾರರಿಗೆ ಒಪ್ಪಿಸಲು ಮೈದಾನಕ್ಕೆ ಬಂದವನು ಗಲರಾಗಾನೇ. ಜಾಯ್ಸ್ ಕಣ್ಣೀರು ಒರಸಿಕೊಂಡರು. ಲೀಗಿನ ಆಯುಕ್ತರು ತೀರ್ಮಾನವನ್ನು ಬದಲಾಯಿಸಲಿಲ್ಲ. ಪುಸ್ತಕದಲ್ಲಿ ಆ ಪರಿಪೂರ್ಣ ಆಟ ಇಂದಿಗೂ ಇಲ್ಲ. ತೀರ್ಮಾನ ಅಂತಿಮವಾಗಿ ಉಳಿಯಿತು, ಸತ್ಯವೂ ಬಹಿರಂಗವಾಯಿತು. ಒಂದಕ್ಕಾಗಿ ಇನ್ನೊಂದನ್ನು ಬಲಿಗೊಡಬೇಕಾಗಲಿಲ್ಲ.

ಈಗ ನಮ್ಮಲ್ಲಿ ಪಂದ್ಯಾಟಗಳು ಅಂತರಜಾಲದಲ್ಲಿ ನೇರ ಪ್ರಸಾರವಾಗುತ್ತಿವೆ. ಪ್ರತಿಯೊಬ್ಬನ ಜೇಬಿನಲ್ಲಿಯೂ ಕ್ಯಾಮರಾ. ತೀರ್ಮಾನವಾದ ಕ್ಷಣದಲ್ಲಿ ಹತ್ತು ಮೊಬೈಲುಗಳು ತೀರ್ಪುಗಾರನ ಮುಖಕ್ಕೆ ಹಿಡಿಯಲ್ಪಡುತ್ತವೆ. ಯಂತ್ರ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮರಾದಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಒಂದು ಮೀಟರಿಗಿಂತ ಹೆಚ್ಚು ಚಲಿಸಿರುತ್ತದೆ. ಕ್ರೀಸಿನ ಗೆರೆಯ ನೇರಕ್ಕೆ ನಿಲ್ಲದೆ ಓರೆಯಾಗಿ ತೆಗೆದ ಚಿತ್ರದಲ್ಲಿ ಒಳಗಿದ್ದ ಬ್ಯಾಟು ಹೊರಗೆ, ಹೊರಗಿದ್ದುದು ಒಳಗೆ ಕಾಣಬಹುದು. 1992ರ ನವೆಂಬರಿನಲ್ಲಿ ಡರ್ಬನ್ನಿನ ಟೆಸ್ಟಿನಲ್ಲಿ ಮೂರನೆಯ ತೀರ್ಪುಗಾರನ ಪದ್ಧತಿಯಿಂದ ಸಚಿನ್ ತೆಂಡೂಲ್ಕರ್ ರನೌಟಾದಾಗಿನಿಂದ ದೊಡ್ಡ ಪಂದ್ಯಗಳಲ್ಲಿ ಬೆಳೆದುಬಂದದ್ದು ಸ್ಥಾನ ನಿಗದಿಯಾದ ಕ್ಯಾಮರಾಗಳ ವ್ಯವಸ್ಥೆ. ಅದು ಆಟಗಾರನ ಅಳಿಯ ಮರದಡಿ ನಿಂತು ತೆಗೆದ ಚಿತ್ರವಲ್ಲ.

ಇದಕ್ಕಿಂತ ಕಳವಳದ ವಿಷಯ ದುಡ್ಡಿನದು. 2008ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ ಅನೇಕ ತಪ್ಪು ತೀರ್ಮಾನಗಳು ನಮ್ಮ ತಂಡಕ್ಕೆ ಎದುರಾದವು. ನಾಯಕ ಅನಿಲ್ ಕುಂಬ್ಳೆಯವರು ತಮ್ಮ ನೋವನ್ನು ಪಂದ್ಯದ ನಂತರ ಸಂಯಮದಿಂದ ಹೇಳಿದರು. ಅದು ನಮಗೆಲ್ಲ ಹೆಮ್ಮೆ. ಆದರೆ ಭಾರತೀಯ ಮಂಡಳಿಯ ಪ್ರತಿಭಟನೆಯ ತರುವಾಯ ಮುಂದಿನ ಪರ್ತ್ ಟೆಸ್ಟಿನಿಂದ ತೀರ್ಪುಗಾರ ಸ್ಟೀವ್ ಬಕ್ನರರನ್ನು ಕೈಬಿಟ್ಟದ್ದನ್ನೂ ನಾವು ಅಂದು ಹೆಮ್ಮೆಯಿಂದಲೇ ಕಂಡೆವು. ನನಗೆ ಇಂದಿಗೂ ಅದು ಸರಿಯೆನಿಸಿಲ್ಲ. ಬಕ್ನರ್ ತಪ್ಪಿದ್ದು ನಿಜ. ಆದರೆ ಬಡ ಮಂಡಳಿಯೊಂದು ಕೇಳಿಕೊಂಡಿದ್ದರೆ ಹಾಗೆ ನಡೆಯುತ್ತಿತ್ತೇ? ಕಪ್ಪಿನ ಪ್ರಾಯೋಜಕರ ತಂಡವೇ ಕಣದಲ್ಲಿದ್ದು, ‘ಸೆಮಿಫೈನಲಿಗೆ ಬೇರೆ ಅಂಪಾಯರ್ ಹಾಕಿ’ ಎಂಬ ಮಾತು ಸಂಘಟಕರ ಕಿವಿಗೆ ಬೀಳುವಾಗ ನಡೆಯುವುದು ಇದರ ಸಣ್ಣ ಪ್ರತಿಕೃತಿ.

ಶಿಕ್ಷೆಯ ವಿಧಾನ ನಿಯಮಾವಳಿಯಲ್ಲಿಲ್ಲದಿಲ್ಲ. 42ನೆಯ ನಿಯಮದಂತೆ ತೀರ್ಮಾನಕ್ಕೆ ಮಾತಿನಿಂದಾಗಲಿ ವರ್ತನೆಯಿಂದಾಗಲಿ ಅಸಮ್ಮತಿ ತೋರಿದರೆ ಮೊದಲು ಎಚ್ಚರಿಕೆ, ಮರುಕಳಿಸಿದರೆ ಎದುರಾಳಿಗೆ 5 ರನ್; ತೀರ್ಪುಗಾರನನ್ನು ಬೆದರಿಸಿದರೆ ಸೀಮಿತ ಓವರುಗಳ ಪಂದ್ಯದಲ್ಲಿ ಇನಿಂಗ್ಸಿನ ಐದನೆಯ ಒಂದು ಪಾಲು ಹೊರಗೆ; ಕೈಮಾಡುವೆನೆಂದರೆ ಪಂದ್ಯದಿಂದಲೇ ಹೊರಗೆ. ಆರೋ ಎಂಟೋ ಓವರುಗಳ ಆಟದಲ್ಲಿ 5 ರನ್ನೆಂದರೆ ಪಂದ್ಯವೇ ತಿರುಗಬಹುದು. ಇದನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿದ ಸಂಘಟಕರನ್ನು ನಾನು ಕಂಡಿಲ್ಲ.

ಕಪ್ಪಿಗೆ ದಾನ ಕೊಡುವವರಲ್ಲಿ, ಮೈದಾನ ಒದಗಿಸುವ ಸಂಸ್ಥೆಗಳಲ್ಲಿ ನಮ್ಮ ಕುಟುಂಬಗಳವರೂ ಆಡಳಿತ ಮಂಡಳಿಗಳವರೂ ಇರುತ್ತಾರೆ. ಅವರು ಎರಡು ಷರತ್ತುಗಳನ್ನು ಹಾಕಬಹುದು. ತೀರ್ಪುಗಾರರ ಗೌರವಧನವನ್ನು ಪಂದ್ಯ ಆರಂಭವಾಗುವ ಮೊದಲೇ ಅವರ ಕೈಗೆ ಕೊಡಬೇಕು. ಕೊನೆಯ ಓವರಿನಲ್ಲಿ ಅವರು ಯಾರ ಮುಖವನ್ನೂ ನೋಡುವಂತಾಗಬಾರದು. ಮತ್ತು ದಾನಿಗಳ ಹೆಸರು ಅಚ್ಚಾಗುವಷ್ಟೇ ದಪ್ಪ ಅಕ್ಷರಗಳಲ್ಲಿ ತೀರ್ಪುಗಾರರ ಹೆಸರುಗಳೂ ಕರಪತ್ರದಲ್ಲಿ ಅಚ್ಚಾಗಬೇಕು. ಜಾಗ ಸಾಲದೆಂದು ಮುದ್ರಕರು ಹೇಳಿದರೆ ದಾನಿಗಳ ಪಟ್ಟಿಯಲ್ಲಿ ಎರಡು ಸಾಲು ಕಡಿಮೆ ಮಾಡಬಹುದು.